ಗಾಡಿ ಎಳೆದದ್ದು ಎತ್ತು, ಎತ್ತನ್ನು ನಡೆಸಿದ್ದು ಹುಲ್ಲು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಆರೆಗಾನ್ ಹಾದಿಯ, ಅಂದರೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ವಲಸಿಗರು ಎತ್ತಿನ ಗಾಡಿ ಕಟ್ಟಿಕೊಂಡು ಪಡುವಣಕ್ಕೆ ಹೋದ ದಾರಿಯ ಬಗ್ಗೆ ಬಂದ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೆ ‘ಬರಡು ಬಯಲು’ ಎಂಬ ಮಾತು ಅದರಲ್ಲಿ ಮೂರು ಕಡೆ ಬಂದಿದೆ. ವಲಸಿಗರು ಸಾವಿರಾರು ಮೈಲಿ ಬರಡು ಬಯಲು ದಾಟಿ, ಮೂಲನಿವಾಸಿಗಳ ಬಾಣಕ್ಕೆ ಎದೆಯೊಡ್ಡಿ ಪಡುವಣ ಸೇರಿದರು ಎಂಬುದು ಒಟ್ಟು ಕಥೆ. ಆ ಬಯಲು ಬರಡಾಗಿದ್ದರೆ ಮಿಸೌರಿ ನದಿಯ ದಡ ಬಿಟ್ಟ ಗಾಡಿ ಹದಿನೈದು ದಿನವೂ ನಡೆಯುತ್ತಿರಲಿಲ್ಲ. ಇದು ಪದದ ಜಗಳವಲ್ಲ, ಮೇವಿನ ಲೆಕ್ಕ. ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಮಿಸೌರಿಯ ಇಂಡಿಪೆಂಡೆನ್ಸ್ ಊರಿನಿಂದ ಆರೆಗಾನಿನ ವಿಲಾಮೆಟ್ ಕಣಿವೆಗೆ 2,000 ಮೈಲಿಗೂ ಹೆಚ್ಚು, ನಡೆಯಲು ಐದರಿಂದ ಆರು ತಿಂಗಳು. ವಲಸಿಗರ ಗಾಡಿ ಸುಮಾರು 10 ಅಡಿ ಉದ್ದ, 4 ಅಡಿ ಅಗಲದ ಪೆಟ್ಟಿಗೆ. ಅದರಲ್ಲಿ 1,100 ಕೆ.ಜಿ. ತುಂಬಿದರೆ ಸಾಕು, ಮೇಲೆ ಹೇರಿದಷ್ಟೂ ಎತ್ತಿನ ಹೆಗಲಿಗೆ ಕುತ್ತು. ಆ ಕಾಲದ ಕೈಪಿಡಿಗಳು ತಲೆಗೆ 90 ಕೆ.ಜಿ. ಹಿಟ್ಟು, 68 ಕೆ.ಜಿ. ಉಪ್ಪು ಹಾಕಿದ ಹಂದಿಮಾಂಸ, ಜೊತೆಗೆ ಕಾಫಿ, ಸಕ್ಕರೆ, ಉಪ್ಪು ಹೇಳುತ್ತಿದ್ದವು. ನಾಲ್ಕು ಜನರ ಮನೆಗೆ ಅದೇ 700 ಕೆ.ಜಿ. ಆಯಿತು. ಹಾಸಿಗೆ, ಪಾತ್ರೆ, ಕೊಡಲಿ, ನೇಗಿಲ ಗುಳ, ಬದಲಿ ಅಚ್ಚು ಇಟ್ಟರೆ ಗಾಡಿ ಭರ್ತಿ. ಈಗ ಎತ್ತಿನ ಊಟ ನೋಡಿ. ಆರು ಎತ್ತು, ಒಂದೊಂದೂ 600 ಕೆ.ಜಿ. ತೂಕ. ಮೈತೂಕದ ನೂರಕ್ಕೆ ಎರಡರಂತೆ ಒಣ ಲೆಕ್ಕದಲ್ಲಿ ದಿನಕ್ಕೆ 12 ಕೆ.ಜಿ. ಮೇವು. ಆರಕ್ಕೆ 72 ಕೆ.ಜಿ., 150 ದಿನಕ್ಕೆ 10,800 ಕೆ.ಜಿ. ಎಂದರೆ ಒಂದು ಗಾಡಿಯ ಹಿಂದೆ ಹತ್ತು ಗಾಡಿ ಮೇವು ಬರಬೇಕು. ಆ ಹತ್ತು ಗಾಡಿ ಎಳೆಯಲು ಅರವತ್ತು ಎತ್ತು, ಅವುಗಳ ಹೊಟ್ಟೆಗೆ ಇನ್ನು ನೂರು ಗಾಡಿ. ಈ ಲೆಕ್ಕ ಎಲ್ಲಿಗೂ ಮುಟ್ಟುವುದಿಲ್ಲ. ಮುಟ್ಟಿಸಿದ್ದು ದಾರಿಯುದ್ದಕ್ಕೂ ತಾನಾಗಿ ಬೆಳೆದು ನಿಂತಿದ್ದ ಹುಲ್ಲು. ವಲಸಿಗರು ಅದಕ್ಕೆ ಕಾಸು ಕೊಡಲಿಲ್ಲ, ಬಿತ್ತಲಿಲ್ಲ, ಕಾಯಲೂ ಇಲ್ಲ.

ಕುದುರೆ ಬಿಟ್ಟು ಎತ್ತನ್ನೇ ಏಕೆ ಹೂಡಿದರು ಎಂಬುದಕ್ಕೂ ಇದೇ ಉತ್ತರ. ಕುದುರೆಗೆ ಬರೀ ಹುಲ್ಲು ಹಾಕಿ ಆರು ತಿಂಗಳು ಭಾರ ಎಳೆಸಿದರೆ ಮೂಳೆ ಕಾಣುತ್ತದೆ, ಅದಕ್ಕೆ ಕಾಳು ಬೇಕು. ಎತ್ತು ಮೆಲುಕು ಹಾಕುವ ಪ್ರಾಣಿ, ಒರಟು ಹುಲ್ಲಿನಲ್ಲೂ ಸತ್ವ ತೆಗೆಯುತ್ತದೆ. ಹೇಸರಗತ್ತೆಗಿಂತ ಎತ್ತು ಅಗ್ಗ. ಕಳ್ಳರಿಗೂ ಅದರ ಮೇಲೆ ಆಸೆ ಕಡಿಮೆ, ಕದ್ದರೂ ಓಡಿಸಿಕೊಂಡು ಹೋಗುವಂತಿಲ್ಲ. ಗಂಟೆಗೆ ಎರಡು ಮೈಲಿ ಅದರ ನಡಿಗೆ. ಆದರೆ ಅದಕ್ಕೆ ಮೇಯಲು ಸುಮಾರು ಎಂಟು ಗಂಟೆ, ಮೆಲುಕಿಗೆ ಇನ್ನೆಂಟು ಗಂಟೆ ಬೇಕು. ಉಳಿದ ಏಳೆಂಟು ಗಂಟೆಯೇ ನೊಗದ ಹೊತ್ತು. ದಿನಕ್ಕೆ 15 ಮೈಲಿ ಎಂಬ ಸರಾಸರಿ ಎತ್ತಿನ ಹೊಟ್ಟೆಯಿಂದಲೇ ಬಂದದ್ದು. ಆತುರಗಾರರು 25 ಮೈಲಿ ಓಡಿಸಿ ಎರಡು ವಾರ ಮುಂದಿದ್ದೇವೆಂದು ಬೀಗಿದರು. ರಾಕಿ ಪರ್ವತ ಹತ್ತುವ ಹೊತ್ತಿಗೆ ಅವರ ಎತ್ತುಗಳು ನೊಗದಲ್ಲೇ ಕುಸಿದವು.

ಹೊರಡುವ ದಿನವನ್ನೂ ಹುಲ್ಲೇ ಗೊತ್ತು ಮಾಡುತ್ತಿತ್ತು. ಮಿಸೌರಿ ದಂಡೆಯ ಊರುಗಳಲ್ಲಿ ಏಪ್ರಿಲ್‌ನಲ್ಲೇ ಜನ ಸೇರುತ್ತಿದ್ದರು. ಹುಲ್ಲು ನಾಲ್ಕು ಅಂಗುಲ, ನಮ್ಮ ಲೆಕ್ಕದಲ್ಲಿ ಅರ್ಧ ಗೇಣು ಬರುವ ತನಕ ಹೊರಡುತ್ತಿರಲಿಲ್ಲ. ಮುಂಚೆ ಹೊರಟರೆ ಎಳೆಹುಲ್ಲಿನಲ್ಲಿ ನೀರೇ ಹೆಚ್ಚು, ಎತ್ತಿಗೆ ಬೇಧಿ ಹತ್ತಿ ಮೊದಲ ವಾರದಲ್ಲೇ ಇಳಿದುಹೋಗುತ್ತದೆ. ನೆಲವೂ ಹಸಿ, ಗಾಲಿ ಹೂಳುತ್ತದೆ. ತಡವಾದರೆ ಮುಂದೆ ಹೋದವರ ದನ ಮೇಯ್ದು ಬೋಳಾದ ನೆಲ ಸಿಗುತ್ತದೆ, ಕೊನೆಯಲ್ಲಿ ಹಿಮ. ಜುಲೈ 4ರೊಳಗೆ ಇಂದಿನ ವಯೋಮಿಂಗ್‌ನ ಇಂಡಿಪೆಂಡೆನ್ಸ್ ಬಂಡೆ ಮುಟ್ಟಬೇಕೆಂಬ ರೂಢಿ ಬೆಳೆದದ್ದು ಇದಕ್ಕೇ. 1846ರ ಡೋನರ್ ತಂಡ ಹತ್ತಿರದ ದಾರಿಯೆಂದು ಹೊಸ ಅಡ್ಡದಾರಿ ಹಿಡಿದು, ಸಾಲ್ಟ್ ಲೇಕ್ ಆಚೆಯ ಉಪ್ಪಿನ ಬಯಲಿನಲ್ಲಿ ಎತ್ತುಗಳನ್ನು ಕಳೆದುಕೊಂಡಿತು. ಅಲ್ಲಿ ಹುಲ್ಲೂ ಇಲ್ಲ, ನೀರೂ ಇಲ್ಲ. ಆ ಎತ್ತುಗಳು ಹೋದದ್ದರಿಂದ ತಡವಾಯಿತು, ತಡವಾದದ್ದರಿಂದ ಸಿಯೆರಾ ನೆವಾಡಾ ಪರ್ವತದ ಹಿಮಕ್ಕೆ ಸಿಕ್ಕರು. 87 ಮಂದಿಯಲ್ಲಿ ಅರ್ಧದಷ್ಟು ಜನ ಬದುಕಲಿಲ್ಲ. ಉಳಿದವರು ಹಸಿವಿಗೆ ಸತ್ತವರ ಮಾಂಸ ತಿಂದದ್ದನ್ನೇ ಎಲ್ಲರೂ ಬರೆಯುತ್ತಾರೆ. ಎತ್ತಿಗೆ ತಿನ್ನಲು ಏನೂ ಸಿಗದ ಆ ದಿನಗಳ ಬಗ್ಗೆ ಬರೆಯುವವರು ಕಡಿಮೆ.

ಹುಲ್ಲೆಂದರೆ ಎಲ್ಲ ಒಂದೇ ಅಲ್ಲ. ಕನ್ಸಾಸ್‌ನ ಮೂಡಣ ಭಾಗದಲ್ಲಿ ಮಳೆ ಹೆಚ್ಚು, ಅಲ್ಲಿ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್ ಆಳೆತ್ತರ ಬೆಳೆಯುತ್ತವೆ. ಎಳೆಯದಾಗಿದ್ದಾಗ ಒಳ್ಳೆಯ ಮೇವು. ತೆನೆ ಕಟ್ಟಿದ ಮೇಲೆ ಸತ್ವ ಬೇರಿಗಿಳಿದು ದಂಟು ಕಡ್ಡಿಯಾಗುತ್ತದೆ. ಪ್ಲಾಟ್ ನದಿಗುಂಟ ಪಡುವಣಕ್ಕೆ ಹೋದಂತೆ ಮಳೆ ಇಳಿದು, ಬಫಲೋ ಗ್ರಾಸ್, ಬ್ಲೂ ಗ್ರಾಮಾ ಎಂಬ ಗಿಡ್ಡ ಹುಲ್ಲುಗಳು ಶುರು. ನೋಡಿದರೆ ಬೋಳು ನೆಲದ ಮೇಲೆ ಹಳೆ ಚಾಪೆ ಹಾಸಿದ ಹಾಗೆ, ಪಾದ ಮುಚ್ಚುವಷ್ಟೂ ಇಲ್ಲ. ಹೊಸಬರು ಇಲ್ಲೇ ಮೋಸ ಹೋಗಿ ‘ಬರಡು’ ಎಂದದ್ದು. ಈ ಗಿಡ್ಡ ಹುಲ್ಲಿನ ಗುಣ ಬೇರೆ. ಅದು ನಿಂತಲ್ಲೇ ಒಣಗಿ, ಸತ್ವ ಉಳಿಸಿಕೊಂಡು, ತಾನೇ ಹದವಾದ ಒಣಮೇವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಎತ್ತುಗಳು ನಡೆದದ್ದು ಇದನ್ನು ತಿಂದು. ಕಾಡುಕೋಣದಂಥ ಕೋಟಿಗಟ್ಟಲೆ ಬೈಸನ್‌ಗಳು ಚಳಿಗಾಲ ಕಳೆಯುತ್ತಿದ್ದದ್ದೂ ಇದರ ಮೇಲೆಯೇ. 1820ರಲ್ಲಿ ಮೇಜರ್ ಸ್ಟೀಫನ್ ಲಾಂಗ್ ಆ ಸೀಮೆ ಸುತ್ತಿ ಬಂದ ಮೇಲೆ ತಯಾರಾದ ನಕ್ಷೆಯಲ್ಲಿ ಅದಕ್ಕೆ ‘ಮಹಾ ಮರುಭೂಮಿ’ ಎಂದು ಹೆಸರು ಬಿತ್ತು. ಮರ ಕಾಣದ ನೆಲಕ್ಕೆ ಬೆಲೆಯಿಲ್ಲ ಎಂಬ ಕಣ್ಣಿನ ದೋಷ ಅದು. ನಮ್ಮ ಕಣ್ಣಿಗೂ ಅದು ಇದೆ, ಆ ಮಾತು ಆಮೇಲೆ.

ಒಲೆಗೂ ಹುಲ್ಲೇ. ಪ್ಲಾಟ್ ಕಣಿವೆಯಲ್ಲಿ ಕಟ್ಟಿಗೆಯೆಂದರೆ ದುರ್ಭಿಕ್ಷ. ಅಲ್ಲಿ ಉರಿಸಿದ್ದು ಬೈಸನ್‌ನ ಒಣ ಸಗಣಿ. ತಟ್ಟುವ ಕೆಲಸವೂ ಇಲ್ಲದ ಬೆರಣಿ. ಹೆಂಗಸರು ಮಕ್ಕಳು ದಾರಿಯಲ್ಲಿ ಸೆರಗು, ಚೀಲಗಳಲ್ಲಿ ಆರಿಸಿಕೊಂಡು ಬರುತ್ತಿದ್ದರು. ಮೊದಮೊದಲು ಮೂಗು ಮುರಿದವರೂ ವಾರದಲ್ಲಿ ಹೊಂದಿಕೊಂಡರು. ಬೇಗ ಉರಿದು ಬೇಗ ಬೂದಿಯಾಗುವ ಕಾರಣ ಒಂದು ಹೊತ್ತಿನ ಅಡುಗೆಗೆ ದೊಡ್ಡ ಬುಟ್ಟಿಗಟ್ಟಲೆ ಬೇಕು, ಮಳೆ ಬಂದರೆ ಅಂದು ಉಪವಾಸ ಇಲ್ಲವೇ ತಣ್ಣನೆಯ ರೊಟ್ಟಿ.

ಗಾಡಿಯ ಸಂಗತಿ ನಮ್ಮ ರೈತರಿಗೆ ಬೇಗ ಅರ್ಥವಾಗುತ್ತದೆ. ಮಿಸೌರಿಯ ತೇವದ ಹವೆಯಲ್ಲಿ ಬಿಗಿಯಾಗಿದ್ದ ಗಾಲಿ, ಎತ್ತರದ ಒಣ ಹವೆಗೆ ಬಂದಾಗ ಸೊರಗುತ್ತದೆ. ಗಾಲಿಯ ನಡುವಿನ ಗುಂಬದಲ್ಲಿ ಅರದ ಕಡ್ಡಿಗಳು ಅಲುಗಾಡುತ್ತವೆ, ಮರದ ಸುತ್ತಿಗೂ ಕಬ್ಬಿಣದ ಹಳಿಗೂ ನಡುವೆ ಸಂದು ಬಿಟ್ಟು, ಇಳಿಜಾರಿನಲ್ಲಿ ಹಳಿ ಕಳಚಿ ಉರುಳಿಹೋಗುತ್ತದೆ. ಸುಲಭದ ಉಪಾಯ, ರಾತ್ರಿ ಗಾಲಿ ಬಿಚ್ಚಿ ಹೊಳೆಯಲ್ಲಿ ನೆನೆಹಾಕುವುದು. ಮರ ಉಬ್ಬಿ ಬಿಗಿಯಾಗುತ್ತದೆ, ಆದರೆ ಮರುದಿನ ಮಧ್ಯಾಹ್ನದ ಬಿಸಿಲಿಗೆ ಮತ್ತೆ ಸಡಿಲ. ಸಂದಿಗೆ ಮರದ ಬೆಣೆ ಹೊಡೆದರೆ ನಾಲ್ಕು ದಿನ ತಡೆದೀತು. ಸರಿಯಾದ ಕೆಲಸವೆಂದರೆ ಹಳಿ ತೆಗೆದು, ಮರದ ಸುತ್ತಿಗೆ ತೆಳು ಪಟ್ಟಿ ಬಡಿದು ದಪ್ಪ ಮಾಡಿ, ಹಳಿಯನ್ನು ಕೆಂಪಗೆ ಕಾಯಿಸಿ ಹಾಕಿ ನೀರು ಸುರಿಯುವುದು. ನಮ್ಮ ಕಮ್ಮಾರ ಸಾಲೆಗಳ ಮುಂದೆ ನಡೆಯುತ್ತಿದ್ದದ್ದೂ ಇದೇ, ಇಲ್ಲಿ ಕಟ್ಟಿಗೆಯ ಬೆಂಕಿ, ಅಲ್ಲಿ ಬೈಸನ್ ಸಗಣಿಯ ಬೆಂಕಿ. ಹಿಂದಿನ ಅಚ್ಚಿಗೆ ಡಾಂಬರು, ಕೊಬ್ಬು ಕಲಸಿದ ಕೀಲೆಣ್ಣೆಯ ಬಕೆಟ್ಟು ತೂಗುತ್ತಿತ್ತು. ಅದು ಮುಗಿದರೆ ಹಂದಿ ಕೊಬ್ಬೇ ಗತಿ.

ಲಾಳದ ವಿಷಯದಲ್ಲಿ ಮಾತ್ರ ಎತ್ತು ಕುದುರೆಗಿಂತ ತೊಡಕು. ಗೊರಸು ಸೀಳಿರುವುದರಿಂದ ಕಾಲಿಗೆ ಎರಡು ತುಂಡು, ಒಂದು ಎತ್ತಿಗೆ ಎಂಟು. ಮೂರು ಕಾಲಲ್ಲಿ ನಿಲ್ಲಲು ಅದಕ್ಕೆ ಬರುವುದಿಲ್ಲ. ನಾವು ಹಗ್ಗ ಹಾಕಿ ಕೆಡವಿ ಕಾಲು ಕಟ್ಟುತ್ತೇವೆ. ಅವರು ಉದ್ದಕ್ಕೆ ಗುಂಡಿ ತೋಡಿ, ಎತ್ತಿನ ಬೆನ್ನು ಅದರೊಳಗೆ ಕೂರುವಂತೆ ಮಗುಚಿ, ನಾಲ್ಕೂ ಕಾಲು ಮೇಲೆ ಮಾಡಿ ಲಾಳ ಹೊಡೆಯುತ್ತಿದ್ದರು. ಕಬ್ಬಿಣ ತೀರಿದರೆ ಬೈಸನ್‌ನ ಹಸಿ ಚರ್ಮದ ಬೂಟು. ಗೊರಸು ಸವೆದ ಎತ್ತು ನಡೆಯದು, ನಡೆಯದ ಎತ್ತು ಹುಲ್ಲಿನ ತನಕ ಮುಟ್ಟದು.

ಹುಲ್ಲಿನ ಬೆಲೆ ಕಣ್ಣಿಗೆ ರಾಚುವುದು ಇಂದಿನ ನೆವಾಡಾದಲ್ಲಿ. ಆರೆಗಾನ್ ಹಾದಿಯಿಂದ ಕವಲೊಡೆದ ಕ್ಯಾಲಿಫೋರ್ನಿಯಾ ದಾರಿ ಹಂಬೋಲ್ಟ್ ನದಿಯನ್ನು ಹಿಡಿದು ಹೋಗುತ್ತದೆ, ಆ ನದಿ ಸಮುದ್ರ ಸೇರದೆ ಮರಳಿನಲ್ಲೇ ಇಂಗುತ್ತದೆ. ಅದಾದ ಮೇಲೆ 40 ಮೈಲಿ ಹುಲ್ಲಿಲ್ಲ, ಕುಡಿಯುವ ನೀರಿಲ್ಲ. ನದಿ ಇಂಗುವ ಮುನ್ನ ಇಂದಿನ ಲವ್‌ಲಾಕ್ ಬಳಿ ದೊಡ್ಡ ಹುಲ್ಲುಗಾವಲಿತ್ತು. ತಿಳಿದವರು ಅಲ್ಲಿ ಎರಡು ಮೂರು ದಿನ ತಂಗಿ, ದನಗಳಿಗೆ ಹೊಟ್ಟೆ ತುಂಬ ಮೇಯಿಸಿ, ಹುಲ್ಲು ಕೊಯ್ದು ಗಾಡಿಗೆ ಹೇರಿ, ಸಿಕ್ಕ ಪಾತ್ರೆಗೆಲ್ಲ ನೀರು ತುಂಬಿ, ಸಂಜೆ ಹೊರಟು ರಾತ್ರಿಯೆಲ್ಲ ನಡೆಯುತ್ತಿದ್ದರು. ಒಂದು ದಿನ ಉಳಿಸಲು ಹೋದವರ ದನಗಳು ದಾರಿಯಲ್ಲೇ ಬಿದ್ದವು. ಕ್ಷಾರದ ನೀರು ಕುಡಿದ ಎತ್ತಿಗೆ ಹಂದಿ ಕೊಬ್ಬು, ವಿನೆಗರ್ ಕುಡಿಸುತ್ತಿದ್ದರು, ಎಷ್ಟೋ ಸಲ ಅದೂ ನಾಟುತ್ತಿರಲಿಲ್ಲ. 1850ರಲ್ಲಿ ಮಾಡಿದ ಒಂದು ಎಣಿಕೆಯಲ್ಲಿ ಆ 40 ಮೈಲಿಯಲ್ಲಿ ಸುಮಾರು ಹತ್ತು ಸಾವಿರ ಪಶುಗಳ ಹೆಣ ಸಿಕ್ಕವು.

ಇನ್ನು ಬಾಣದ ಮಾತು. 1840ರಿಂದ 1860ರವರೆಗಿನ ಇಪ್ಪತ್ತು ವರ್ಷದಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತ ವಲಸಿಗರು 360ರ ಆಸುಪಾಸು. ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು ಅದಕ್ಕಿಂತ ಹೆಚ್ಚು, 420ರ ಮೇಲೆ. ವಲಸಿಗರನ್ನು ಸಾವಿರಗಟ್ಟಲೆ ಕೊಂದದ್ದು ಕಾಲರಾ. ಗಾಲಿಯಡಿ ಸಿಕ್ಕವರು, ಹೊಳೆಯಲ್ಲಿ ಮುಳುಗಿದವರು, ತಮ್ಮದೇ ಬಂದೂಕಿಗೆ ಬಲಿಯಾದವರು ಆಮೇಲಿನ ಸಾಲು. ಗಾಡಿಗಳನ್ನು ವೃತ್ತವಾಗಿ ನಿಲ್ಲಿಸುತ್ತಿದ್ದದ್ದೂ ಬಹುಮಟ್ಟಿಗೆ ದನ ತಪ್ಪಿಸಿಕೊಳ್ಳದಿರಲಿ ಎಂದು. ಕೋಟೆ ಕಟ್ಟುವ ಯೋಚನೆಗಿಂತ ಕೊಟ್ಟಿಗೆಯ ಯೋಚನೆ.

ಜಗಳದ ಮೂಲವೂ ಹುಲ್ಲೇ ಎಂಬುದನ್ನು ಲೇಖನ ಬಿಟ್ಟಿದೆ. 1852ರ ಒಂದೇ ಬೇಸಿಗೆಯಲ್ಲಿ 60 ಸಾವಿರಕ್ಕೂ ಹೆಚ್ಚು ಜನ ತಮ್ಮ ದನಗಳೊಂದಿಗೆ ಪ್ಲಾಟ್ ಕಣಿವೆ ಹಾದರು. ಅವರ ದನ ಮೇಯ್ದದ್ದು ಮೂಲನಿವಾಸಿಗಳಾದ ಪಾನೀ, ಲಕೋಟಾ, ಶಯಾನ್ ಜನರ ಕುದುರೆಗಳು ಚಳಿಗಾಲಕ್ಕೆ ನೆಚ್ಚಿದ್ದ ಹೊಳೆದಂಡೆಯ ಹುಲ್ಲನ್ನು. ಬೈಸನ್ ಹಿಂಡುಗಳು ದಾರಿಯಿಂದ ದೂರ ಸರಿದವು. 1851ರ ಸೆಪ್ಟೆಂಬರಿನಲ್ಲಿ ಸರ್ಕಾರ ಫೋರ್ಟ್ ಲಾರಮಿ ಕೋಟೆಗೆ ಲಕೋಟಾ, ಶಯಾನ್ ಮೊದಲಾದ ಜನಾಂಗಗಳನ್ನು ಕರೆಸಿ ಒಪ್ಪಂದ ಮಾಡಿತು, ಆದ ಹಾನಿಗೆ ವರ್ಷಕ್ಕೆ 50 ಸಾವಿರ ಡಾಲರ್ ಬೆಲೆಯ ಸಾಮಾನು, 50 ವರ್ಷ. ಸೆನೆಟ್ ಆ ಐವತ್ತನ್ನು ಹತ್ತಕ್ಕಿಳಿಸಿತು. ತಮಾಷೆಯೆಂದರೆ ಸಭೆ ಕೋಟೆಯ ಬಳಿ ನಡೆಯಲೇ ಇಲ್ಲ. ಸುಮಾರು ಹತ್ತು ಸಾವಿರ ಜನರ ಕುದುರೆಗಳಿಗೆ ಅಲ್ಲಿ ಹುಲ್ಲು ಸಾಲದೆ, ಮೂವತ್ತು ಚಿಲ್ಲರೆ ಮೈಲಿ ಕೆಳಗಿನ ಹಾರ್ಸ್ ಕ್ರೀಕ್‌ಗೆ ಎಲ್ಲರೂ ಗಂಟುಮೂಟೆ ಕಟ್ಟಿದರು. ಮೂರು ವರ್ಷದ ಬಳಿಕ ಅದೇ ಸೀಮೆಯಲ್ಲಿ ವಲಸಿಗನೊಬ್ಬನ ಕುಂಟು ಹಸುವನ್ನು ಲಕೋಟಾ ಬಿಡಾರದಲ್ಲಿ ಕೊಂದು ತಿಂದದ್ದೇ ನೆಪವಾಗಿ ಲೆಫ್ಟಿನೆಂಟ್ ಗ್ರಾಟನ್ ಫಿರಂಗಿ ಒಯ್ದ. ಅವನೂ ಅವನ 29 ಸೈನಿಕರೂ ಸತ್ತರು, ಪರಿಹಾರ ಕೊಡಲು ಮುಂದಾಗಿದ್ದ ಲಕೋಟಾ ಮುಖ್ಯಸ್ಥ ಕಾಂಕರಿಂಗ್ ಬೇರ್ ಕೂಡ ಸತ್ತ.

ಲೇಖನದ ಕೊನೆಯಲ್ಲಿ ‘ಇಂದು ಆ ದಾರಿಯ ಕುರುಹು ಅಲ್ಲಲ್ಲಿ ಉಳಿದಿದೆ’ ಎಂದಿದೆ. ಎಲ್ಲಿ, ಏಕೆ ಎಂಬುದೇ ಮುಖ್ಯ. ವಯೋಮಿಂಗ್‌ನ ಗರ್ನ್ಸಿ ಬಳಿ ಮರಳುಗಲ್ಲಿನಲ್ಲಿ ಗಾಲಿ ಕೊರೆದ ಜಾಡು ಐದಡಿ ಆಳ ಇದೆ, ಅದು ಬಂಡೆ, ಉಳಿಯಿತು. ಮಣ್ಣಿನ ನೆಲದಲ್ಲಿ ಜಾಡು ಉಳಿದಿರುವುದು ನೇಗಿಲು ತಾಗದ ಹುಲ್ಲಿನಲ್ಲಿ ಮಾತ್ರ. ಅಲ್ಲಿ ಸಂಜೆಯ ಓರೆ ಬಿಸಿಲಿಗೆ ಅಗಲವಾದ ತಗ್ಗು ಕಾಣುತ್ತದೆ. ನೆಲ ಬಿಗಿದು ನೀರು ನಿಲ್ಲುವುದರಿಂದ ಒಳಗಿನ ಹುಲ್ಲಿನ ಬಣ್ಣವೇ ಬೇರೆ. ಉತ್ತ ಕಡೆ ಒಂದೇ ಮಳೆಗಾಲದಲ್ಲಿ ಎಲ್ಲ ಸಪಾಟು. ಜಾನ್ ಡಿಯರ್ 1837ರಲ್ಲಿ ಉಕ್ಕಿನ ನೇಗಿಲು ತಂದ, 1862ರ ಕಾಯ್ದೆ ಹೊಸದಾಗಿ ನೆಲೆಸುವ ಮನೆಗೆ 160 ಎಕರೆ ಕೊಟ್ಟಿತು, 1869ರಲ್ಲಿ ರೈಲು ಬಂತು. ಎತ್ತರ ಹುಲ್ಲಿನ ಬಯಲು (ಪ್ರೇರಿ) ಹಿಂದೆ ಸುಮಾರು 17 ಕೋಟಿ ಎಕರೆ ಇತ್ತು, ಈಗ ನೂರಕ್ಕೆ ನಾಲ್ಕೂ ಇಲ್ಲ. ಉಳಿದದ್ದರ ದೊಡ್ಡ ಪಾಲು ಕನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ. ಅಲ್ಲಿ ಸುಣ್ಣಗಲ್ಲು, ಚಕಮಕಿ ಕಲ್ಲು ನೇಗಿಲನ್ನು ಮುರಿಯುತ್ತಿದ್ದವು, ಹಾಗಾಗಿ ಬಿಟ್ಟರು. ಪಡುವಣದ ಗಿಡ್ಡ ಹುಲ್ಲಿನ ನೆಲವನ್ನೂ ಉತ್ತದ್ದರ ಫಲ 1930ರ ದಶಕದ ಧೂಳು. 1935ರ ಏಪ್ರಿಲ್ 14ರಂದು ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು.

ಬಿಗ್ ಬ್ಲೂಸ್ಟೆಮ್‌ನ ಬೇರು ಮೂರು ಮೀಟರ್‌ವರೆಗೆ ಇಳಿಯುತ್ತದೆ, ಗಿಡದ ಹೆಚ್ಚು ಭಾಗ ನೆಲದೊಳಗೇ. ಮೇಲೆ ಬೆಂಕಿ ಬಿದ್ದರೂ ಹಿಂಡು ಮೇಯ್ದರೂ ಮತ್ತೆ ಚಿಗುರುವುದು ಆ ಬಲದಿಂದ. ಆ ಬೇರು ಕಡಿದು ಮಗುಚಿದರೆ, ಬೀಜ ತಂದು ಬಿತ್ತಿದರೂ ಹಳೆಯ ಹುಲ್ಲುಗಾವಲು ದಶಕಗಳಲ್ಲೂ ಪೂರ್ತಿ ಮರಳುವುದಿಲ್ಲ. ಹಾಗೆಂದು ಬೇಲಿ ಹಾಕಿ ಸುಮ್ಮನಿದ್ದರೂ ಕೆಡುತ್ತದೆ. ಫ್ಲಿಂಟ್ ಹಿಲ್ಸ್‌ನಲ್ಲಿ ಒಂದರಿಂದ ಮೂರು ವರ್ಷಕ್ಕೊಮ್ಮೆ ವಸಂತದಲ್ಲಿ ಸುಡುತ್ತಾರೆ, ಸುಡುವುದು ನಿಂತ ಕಡೆ ರೆಡ್ ಸೀಡರ್ ಮರ ನುಗ್ಗಿ ಹುಲ್ಲನ್ನು ಮುಚ್ಚುತ್ತದೆ. ಮರ ಬಂದದ್ದು ಹಾಳಾದ ಲಕ್ಷಣ ಎಂದರೆ ನಮ್ಮಲ್ಲಿ ನಂಬುವುದು ಕಷ್ಟ.

ಕನ್ನಡದ ಓದುಗರಿಗೆ ಇದನ್ನೆಲ್ಲ ಏಕೆ ಹೇಳಬೇಕು? ಸೇನೆಯ ಸಾಮಾನು ಎಳೆಯುವ ಎತ್ತುಗಳಿಗಾಗಿಯೇ ಹುಲ್ಲು ಕಾಯ್ದಿಟ್ಟ ರಾಜ್ಯ ನಮ್ಮದು. ಮೈಸೂರು ಅರಸರ ದನ ಸಾಕಣೆಯ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದಕ್ಕೆ ಸೇರಿದ ಕಾವಲುಗಳನ್ನು, ಎಂದರೆ ಮೀಸಲು ಹುಲ್ಲುಗಾವಲುಗಳನ್ನು, ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ವಿಂಗಡಿಸಿ, ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಚಿದಂಬರದ ನೆರವಿಗೆ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಕಾಲಿನಿಂದ ಎಂದು ದಾಖಲಾಗಿದೆ. ಆರೆಗಾನ್ ಹಾದಿಯ ಎತ್ತಿಗೆ ಅದು ಒಂದು ವಾರದ ದಾರಿ. ನಾಲ್ಕು ಲಕ್ಷ ಎಕರೆ ಮೀರಿದ್ದ ಕಾವಲು ಈಗ ಕರಗಿ ಚೂರಾಗಿದೆ. ಉಳಿದದ್ದು ನಮ್ಮ ಮಾತಿನಲ್ಲಿ ‘ಬೀಳು’, ದೇಶದ ಬಂಜರು ಭೂಮಿಯ ನಕ್ಷೆಗಳಲ್ಲೂ ಹುಲ್ಲು ಬಯಲುಗಳಿಗೆ ಜಾಗ ಸಿಕ್ಕಿದೆ. ಲಾಂಗ್ ಸಾಹೇಬನ ನಕ್ಷೆಗೆ ನಗುವ ಹಕ್ಕು ನಮಗಿಲ್ಲ. ರಾಣೆಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯ 1974ರಲ್ಲಿ ಆದದ್ದು ಬಯಲಿನ ಪ್ರಾಣಿಯಾದ ಕೃಷ್ಣಮೃಗಕ್ಕೆ, ಅದರ ಬಹುಭಾಗ ತುಂಬಿದ್ದು ನೀಲಗಿರಿ ಮರ. ಅಲ್ಲಿದ್ದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಣ್ಮರೆಯಾಯಿತು.

ಕಾವಲಿನ ಆಸುಪಾಸಿನ ಪಂಚಾಯಿತಿಯವರು ನಿಮ್ಮ ಪತ್ರಿಕೆ ಓದುತ್ತಾರೆ, ಆದ್ದರಿಂದ ಕೆಲಸಕ್ಕೆ ಬರುವ ನಾಲ್ಕು ಮಾತು. ಹುಲ್ಲಿರುವ ನೆಲದಲ್ಲಿ ಜೆಸಿಬಿ ತಂದು ಗುಂಡಿ, ಕಂದಕ ತೆಗೆಸಬೇಡಿ. ಮಗುಚಿದ ಮಣ್ಣಿನಲ್ಲಿ ಕರಡ ಹುಲ್ಲು ಬರುವ ಮೊದಲೇ ಕಳೆ ಹಬ್ಬುತ್ತದೆ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು, ಮಣ್ಣಿನಡಿ ಒಂದು ಗೇಣು ಬಿಡಿಸಿ ಬುಡದ ಗಂಟಿನ ಕೆಳಗೇ ಕಡಿಯಬೇಕು. ಅದರ ಕಾಯಿ ತಿಂದ ದನ ಕುರಿಗಳನ್ನು ಕೆಲವು ದಿನ ಶುದ್ಧ ಕಾವಲಿಗೆ ಹೊಡೆಯಬೇಡಿ, ಬೀಜ ಹಿಕ್ಕೆ ಸಗಣಿಯಲ್ಲಿ ಮೊಳೆಯುತ್ತದೆ. ಕಾವಲನ್ನು ಮೂರು ನಾಲ್ಕು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗಕ್ಕೆ ಮುಂಗಾರಿನಿಂದ ಬೀಜ ಉದುರುವ ತನಕ ಬಿಡುವು ಕೊಡಿ, ಆಮೇಲೆ ಕೊಯ್ದು ಬಣವೆ ಹಾಕಿ. ಬೀಜಕ್ಕೆ ಮೊದಲೇ ಕೊಯ್ದರೆ ಮೇವು ಮೆತ್ತಗಿರುತ್ತದೆ ನಿಜ, ಆದರೆ ವರ್ಷಾವರ್ಷಾ ಹಾಗೇ ಮಾಡಿದರೆ ಒಳ್ಳೆಯ ಹುಲ್ಲು ಹೋಗಿ ದನ ಮೂಸದ ಜಾತಿ ಉಳಿಯುತ್ತದೆ.

ಕೊನೆಗೊಂದು ತಿದ್ದುಪಡಿ, ಲೇಖನದ ಜೊತೆಗಿನ ಚಿತ್ರದ ಬಗ್ಗೆ. ಅದರಲ್ಲಿರುವ ದೋಣಿಯಾಕಾರದ, ಆರು ಕುದುರೆಯ ದೊಡ್ಡ ಗಾಡಿ ಕೊನೆಸ್ಟೋಗಾ. ಅದು ಪೆನ್ಸಿಲ್ವೇನಿಯಾ ಕಡೆ ಟನ್‌ಗಟ್ಟಲೆ ಸರಕು ಸಾಗಿಸುತ್ತಿದ್ದ ಗಾಡಿ. ವಲಸಿಗರದು ಹೊಲದ ಸಾದಾ ಗಾಡಿ, ಚಪ್ಪಟೆ ತಳ, ಮೇಲೆ ಅಗಸೆ ಎಣ್ಣೆ ಬಳಿದ ಬಟ್ಟೆ. ಚಿತ್ರದಲ್ಲಿ ಗಾಡಿಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತಿವೆ. ಕಣಿವೆ, ಕಡವುಗಳಲ್ಲಿ ಹಾಗೆ ಹೋಗಲೇಬೇಕಿತ್ತು. ಬಯಲಿನಲ್ಲಿ ಅಗಲಕ್ಕೆ ಹರಡಿಕೊಂಡು ನಡೆಯುತ್ತಿದ್ದರು, ಮುಂದಿನ ಗಾಡಿಯ ಧೂಳು ಕುಡಿಯುವುದು ತಪ್ಪಲಿ, ತುಳಿಯದ ಹುಲ್ಲು ಪ್ರತಿ ಎತ್ತಿಗೂ ಸಿಗಲಿ ಎಂದು.

ಇಂತಿ,
ತಮ್ಮ ಓದುಗ,
ಅಜ್ಜಂಪುರ